ಕಿರಿಸೊಸೆಯ ಕೊಡಿ

ನಮ್ಮ ಮನೆಯ ಮೊದಲ ಕಡತವನ್ನು ಹಾಳು ಮಾಡಿದವಳು ನಾನೇ. ಆಗ ಮದುವೆಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಹಳೆಯ ಲಿಪಿಗಳ ಮೇಲೆ ಪಿಎಚ್‌ಡಿ ಮಾಡಿದ ಗರ್ವ ಬೇರೆ ತಲೆಗೇರಿತ್ತು. ಅತ್ತೆಯ ಟ್ರಂಕಿನಲ್ಲಿ ಕೆಂಪು ವಸ್ತ್ರ ಸುತ್ತಿಟ್ಟಿದ್ದ ಮೂರು ಕಡತಗಳಲ್ಲಿ ಒಂದನ್ನು ಅವರಿಗೆ ಹೇಳದೆ ತೆಗೆದು, ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆ. ಲಕೋಟೆಗೆ ಅಂಟಿದ ಅಂಚೆ ಚೀಟಿಯನ್ನು ಹಬೆಯಲ್ಲಿ ಬಿಡಿಸುತ್ತಾರಲ್ಲ, ಹಾಗೆ ಮಡಿಕೆಗಳು ಬಿಟ್ಟುಕೊಳ್ಳುತ್ತವೆ ಎಂದು ನನ್ನ ಲೆಕ್ಕಾಚಾರ. ಬಿಟ್ಟುಕೊಂಡದ್ದೇನೋ ನಿಜ. ಆದರೆ ಮೇಲಿನ ಕಪ್ಪು ಲೇಪ ಅಕ್ಷರಗಳ ಸಮೇತ ಕರಗಿ ಪಾತ್ರೆಯೊಳಕ್ಕೆ ಸೋರಿತು. ಕೈಯಲ್ಲಿ ಉಳಿದದ್ದು ಒಂದು ಒದ್ದೆ ಬಟ್ಟೆ.

ಕಡತವೆಂದರೆ ಸರ್ಕಾರಿ ಕಚೇರಿಯ ಫೈಲಲ್ಲ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಮಾಡುತ್ತಿದ್ದ ಕಪ್ಪು ಪುಸ್ತಕ ಅದು. ಬರೆಯುವುದು ಬಳಪದಲ್ಲಿ. ಇನ್ನೂರು ವರ್ಷ ಟ್ರಂಕಿನಲ್ಲಿ ಕೂತರೆ ಮಡಿಕೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ. ನನ್ನ ಗಂಡನ ಮನೆಯವರು ಹುಲುಗುಂದಿ ಕೆರೆಯ ನೀರುಗಂಟಿಗಳು. ತೂಬು ಎತ್ತುವುದು, ಇಳಿಸುವುದು, ಏರಿಯ ಮೇಲೆ ಕಣ್ಣಿಡುವುದು ವಂಶದ ಕೆಲಸ. ಕೆರೆಯ ವಿಷಯವೆಲ್ಲ ಆ ಮೂರು ಕಡತಗಳಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏನಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯದನ್ನು ಹಾಳು ಮಾಡಿದ ಪುಣ್ಯ ನನ್ನದಲ್ಲ. ದೂರದಿಂದ ಬಂದ ತಜ್ಞರೊಬ್ಬರು ಯಾವುದೋ ದ್ರವ ಹಚ್ಚಿ, ತೆಳ್ಳನೆಯ ಚಾಕು ಹಾಕಿ ಎಬ್ಬಿಸಲು ಹೋಗಿ ಅದನ್ನು ಒಂದು ಡಬ್ಬಿ ತುಂಬ ಕಪ್ಪು ಚೂರು ಮಾಡಿಕೊಟ್ಟು ಹೋದರು. ಅವರನ್ನು ಕರೆಸಿದವಳು ನಾನು. ಹಾಗಾಗಿ ಆ ಪಾಪದಲ್ಲೂ ನನಗೆ ಪಾಲಿದೆ. ಅಲ್ಲಿಂದ ಮುಂದೆ ಅತ್ತೆ ಚಿಕ್ಕತಾಯಮ್ಮ ನನ್ನನ್ನು ಕೆಂಪಲಕ್ಷ್ಮಿ ಎಂದು ಕರೆಯುವುದನ್ನೇ ಬಿಟ್ಟರು. "ಡಾಕ್ಟ್ರೇ" ಎನ್ನುತ್ತಾರೆ. ಅದರಲ್ಲಿ ಗೌರವವಿಲ್ಲ ಎಂಬುದು ಕೇಳಿದವರಿಗೆಲ್ಲ ಅರ್ಥವಾಗುತ್ತದೆ.

ಮೂರನೆಯ ಕಡತ ಅವರ ಕೈಯಿಂದ ಹೊರಬರಬೇಕಾದರೆ ತೆರೆಯದೆಯೇ ಓದುವ ಯಂತ್ರವೊಂದು ಹುಟ್ಟಬೇಕಾಯಿತು. ಅದನ್ನು ಹುಟ್ಟಿಸಿದವರು ನಾನು ಪಾಠ ಮಾಡುವ ತುಮಕೂರಿನ ಸಂಸ್ಥೆಯ ಅನ್ವರ್ ಪಾಷ. ಬಾಗಿನದ ಮೊರದಲ್ಲಿ ಇಡುವ ಓಲೆಗರಿಯ ಸುರುಳಿ, ಬಿಚ್ಚೋಲೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದೆವು. ಕಡತವನ್ನು ಪೆಟ್ಟಿಗೆಯೊಳಗೆ ಕೂರಿಸಿ, ಸುತ್ತ ಎಲ್ಲ ಕೋನಗಳಿಂದ ಎಕ್ಸ್‌ರೇ ಹಾಯಿಸುತ್ತದೆ ಬಿಚ್ಚೋಲೆ. ಇದ್ದಿಲು ಆ ಕಿರಣಕ್ಕೆ ಗಾಜಿದ್ದ ಹಾಗೆ, ತಡೆಯುವುದಿಲ್ಲ. ಬಳಪ ಕಲ್ಲಿನ ಪುಡಿ, ಒಂದಿಷ್ಟು ತಡೆಯುತ್ತದೆ. ಆ ನೆರಳುಗಳನ್ನು ಜೋಡಿಸಿ ಕಂಪ್ಯೂಟರ್ ಒಂದೊಂದೇ ಮಡಿಕೆಯನ್ನು ಪರದೆಯ ಮೇಲೆ ಬಿಚ್ಚುತ್ತದೆ. ಪರದೆಯ ಎಡಗಡೆ ಮೂಲದ ಚಿತ್ರ. ಬಲಗಡೆ ಅನ್ವರ್ ಬರೆದ 'ಓದುಗ' ಎಂಬ ಪ್ರೋಗ್ರಾಂ ಅದನ್ನು ಈಗಿನ ಕನ್ನಡಕ್ಕೆ ತಿದ್ದಿ ಕೊಟ್ಟದ್ದು.

"ಬಿಚ್ಚಾಕಿಲ್ಲ ತಾನೆ?" ಎಂದು ಅತ್ತೆ ಮೂರು ಸಲ ಕೇಳಿ ಕಡತ ಕೊಟ್ಟಿದ್ದರು. ಬಿಚ್ಚೋಲೆಗೆ ಇದ್ದದ್ದು ಒಂದೇ ಕುಂದು. ಕಿರಣ ಜೋರಾದರೆ ಶಾಖಕ್ಕೆ ಹಳೆಯ ಅಂಟು ಮೆತ್ತಗಾಗಿ ಅಕ್ಷರ ಜಾರಿಬಿಡುತ್ತದೆ. ಅದಕ್ಕೇ ವಾರಕ್ಕೆ ಒಂದು ಮಡಿಕೆಯಂತೆ, ಮೆಲ್ಲಗೆ ಓದುತ್ತಿದ್ದೆವು. ಮೊದಲ ಮೂರರಲ್ಲಿ ಸಿಕ್ಕಿದ್ದು ದೇವರ ಸ್ತುತಿ.

ಅಷ್ಟರಲ್ಲಿ ಆ ಮಳೆ ಬಂತು.

ಐದನೆಯ ದಿನ ಬೆಳಿಗ್ಗೆ ಏಳಕ್ಕೆ ಗಂಗಯ್ಯನ ಫೋನು ಬಂದಾಗ ನಾನು ತುಮಕೂರಿನ ಪ್ರಯೋಗಾಲಯದಲ್ಲೇ ಇದ್ದೆ. ಗಂಗಯ್ಯ, ಅಂದರೆ ಸಿದ್ದಗಂಗಯ್ಯ, ನನ್ನ ಗಂಡ. ಪಂಚಾಯ್ತಿಯ ವಾಟರ್‌ಮ್ಯಾನ್. ಹುದ್ದೆಯ ಹೆಸರು ಇಂಗ್ಲಿಷಾದರೂ ಕೆಲಸ ಅಜ್ಜನದೇ.

"ಕೋಡಿ ಬಾಯಿ ಮುಚ್ಚೋಗೈತೆ ಕೆಂಪಿ," ಎಂದ. "ಕಾಲುವೆ ಮೇಲೆ ಕಟ್ಟಿದ್ರಲ್ಲ, ಆ ಮನೆಗಳು ಕುಸ್ದು ಅಲ್ಲೇ ಬಿದ್ದವೆ. ನೀರು ಹೋಗಾಕೆ ದಾರಿನೇ ಇಲ್ಲ. ಏರಿ ತಲೆಗೆ ಎರಡಡಿ ಉಳ್ದೈತೆ. ಗಂಟೆಗೆ ನಾಕು ಬೆರಳು ಏರ್ತೈತೆ."

"ಎಂಜಿನಿಯರ್ ಏನಂತಾರೆ?"

"ಮಧ್ಯಾಹ್ನ ಎರಡು ಗಂಟೆ ಒಳಗೆ ಬೇರೆ ದಾರಿ ಸಿಗ್ದಿದ್ರೆ ಪಡುವಣ ಮೂಲೇಲಿ ಏರಿ ಕಡೀತೀವಿ ಅಂತಾರೆ. ಬರೀ ಮಣ್ಣು ಕಣೆ ಅದು. ಕಡಿದ್ರೆ ನಿಲ್ತದಾ?"

ನಿಲ್ಲುವುದಿಲ್ಲ. ನೀರುಗಂಟಿ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೂ ಅಷ್ಟು ಗೊತ್ತು. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಬೀಳುವ ಕೋಡಿ ಇರಬೇಕಾದದ್ದು ಬಂಡೆಯ ಮೇಲೆ. ಮಣ್ಣಿನಲ್ಲಿ ಮಾಡಿದ ಕಂಡಿಯನ್ನು ನೀರು ತಾನೇ ಅಗಲ ಮಾಡಿಕೊಂಡು ಇಡೀ ಏರಿಯನ್ನು ತಿಂದು ಹಾಕುತ್ತದೆ. ಏರಿಯ ಕೆಳಗೆ ಒಂಬೈನೂರು ಮನೆ. ಗಂಗಯ್ಯನ ಅಜ್ಜನ ಕಾಲದ ಒಂದು ಮಾತು ಮನೆಯಲ್ಲಿ ಓಡಾಡುತ್ತಿತ್ತು: ಕೆರೆಗೆ ಇನ್ನೊಂದು ದಾರಿ ಇದೆ, ಯಾರೋ ಹಿರಿಯರು ಮುಚ್ಚಿದರು, ಎಲ್ಲಿ ಅಂತ ಕಡತದಲ್ಲಿ ಬರೆದಿದ್ದಾರೆ.

ಅನ್ವರ್ ಕಡೆ ತಿರುಗಿದೆ. ಅವರು ಎಲ್ಲ ಕೇಳಿಸಿಕೊಂಡಿದ್ದರು.

"ಜೋರು ಮಾಡಿದರೆ ಮಡಿಕೆಗೆ ಐವತ್ತು ನಿಮಿಷ ಸಾಕು," ಎಂದರು. "ಆದರೆ ಮೇಡಂ, ಓದಿದ ಮಡಿಕೆ ಮತ್ತೆ ಸಿಗಲ್ಲ. ಚಿತ್ರ ಮಾತ್ರ ಉಳಿಯುತ್ತೆ. ಇಪ್ಪತ್ತೊಂದು ಬಾಕಿ ಇವೆ, ಎರಡರೊಳಗೆ ಏಳು ನೋಡಬಹುದು. ಯಾವುದರಲ್ಲಿ ಇದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಹಿಂದೆ ಒಂದು ಸಲ ಕೇಳದೆ ಮಾಡಿ ಅನುಭವಿಸಿದ್ದೆ. ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಅಡುಗೆಮನೆ ತುಂಬ ಹೊಗೆ. ಊರಿನ ಅರ್ಧ ಜನರನ್ನು ಗುಡ್ಡದ ಶಾಲೆಗೆ ಸಾಗಿಸಿದ್ದರೂ ಇವರು ಒಲೆಯ ಮುಂದೆ ಕೂತು ದೊಡ್ಡ ಹಂಡೆಯಲ್ಲಿ ಅನ್ನ ಮಾಡುತ್ತಿದ್ದರು. ಏರಿಯ ಮೇಲೆ ಮರಳಿನ ಮೂಟೆ ಹೊರುತ್ತಿದ್ದ ಅರವತ್ತು ಜನರಿಗೆ ಚಿತ್ರಾನ್ನವಂತೆ.

"ನೀವೂ ಶಾಲೆಗೆ ಹೋಗಿ ಅತ್ತೆ."

"ಮಗ ಏರಿ ಮ್ಯಾಲೆ ಅವ್ನೆ. ನಾನು ಗುಡ್ಡದ ಮ್ಯಾಲೆ ಕುಂತ್ಕಂಡು ನೋಡ್ಲಾ? ಅದಿರ್ಲಿ, ಏನ್ ಸಮಾಚಾರ ಡಾಕ್ಟ್ರೇ?"

ಹೇಳಿದೆ. ಕಡತ ಉಳಿಯಲಿಕ್ಕಿಲ್ಲ ಎಂಬುದನ್ನೂ ಹೇಳಿದೆ. ಅವರು ಸೌಟನ್ನು ಹಂಡೆಯ ಅಂಚಿಗೆ ಕುಟ್ಟಿ ಅನ್ನದ ಅಗುಳು ಉದುರಿಸಿದರು.

"ಎರಡು ತಿಂದಿದ್ದಾಯ್ತು, ಇದನ್ನೂ ತಿನ್ನು," ಎಂದರು. "ಊರಿಗಿಂತ ಬಟ್ಟೆ ಹೆಚ್ಚಾ? ಬಿರ್‍ರನೆ ಓದು."

ಏಳು ಮುಕ್ಕಾಲಿಗೆ ಶುರು ಮಾಡಿದೆವು. ಮಧ್ಯದ ಮಡಿಕೆಗಳಿಂದ ನೋಡೋಣ ಎಂದು ನಾನೇ ಹೇಳಿದ್ದು. ಮೊದಲು ಸಿಕ್ಕಿದ ಎರಡರಲ್ಲೂ ತೂಬಿನ ಮರಕ್ಕೆ ಯಾವ ಎಣ್ಣೆ ಹಚ್ಚಬೇಕು ಎಂಬ ವಿವರ. ಪೆಟ್ಟಿಗೆಯಿಂದ ಸುಟ್ಟ ಹುಣಿಸೆಬೀಜದ ವಾಸನೆ ಬರಲು ಶುರುವಾಗಿತ್ತು. ಮೂರನೆಯದು ಬರೀ ಗೆದ್ದಲು ತಿಂದ ತೂತು. ಏರಿಗೆ ಒಂದಡಿಯಷ್ಟೇ ಉಳಿದಿದೆ ಎಂದು ಗಂಗಯ್ಯನ ಸಂದೇಶ ಬಂತು.

ಹನ್ನೊಂದರ ಹೊತ್ತಿಗೆ ತಹಶೀಲ್ದಾರ್ ನಾಗವೇಣಿ ತಾವೇ ಫೋನು ಮಾಡಿದರು. ಅವರು ಏರಿಯ ಮೇಲೇ ನಿಂತಿದ್ದರು. ಮಳೆಯ ಸದ್ದಿಗೆ ಕೇಳಿಸದೆ ಸ್ಪೀಕರ್ ಹಾಕಿದ್ದರು. ಸುತ್ತ ಜನ ಗಿಜಿಗುಡುವುದು ನನಗೆ ಕೇಳುತ್ತಿತ್ತು.

"ಏನಾದರೂ ಸಿಕ್ಕಿತಾ ಡಾಕ್ಟರ್?"

ಅದೇ ಗಳಿಗೆಗೆ ಆ ದಿನದ ನಾಲ್ಕನೆಯ ಮಡಿಕೆ ಪರದೆಯ ಮೇಲೆ ಬಿಚ್ಚಿಕೊಂಡಿತು. ಬಲಗಡೆ ಸ್ವಚ್ಛವಾದ ಕನ್ನಡ ಮೂಡಿತು. 'ಏರಿ' ಎಂಬ ಮಾತು ಕಂಡದ್ದೇ ತಡ, ಸಂಭ್ರಮದಲ್ಲಿ ಮುಂದೆ ಏನಿದೆ ಎಂದು ನೋಡದೆ ಗಟ್ಟಿಯಾಗಿ ಓದಿಬಿಟ್ಟೆ.

"ನೀರು ಏರಿಯ ಗುರುತುಗಲ್ಲ ಮುಟ್ಟಿದರೆ ಕಿರಿಸೊಸೆಯ ಕೊಡಿ..."

ಅಲ್ಲಿ ಮೂರು ಅಕ್ಷರದಷ್ಟು ತೂತು. ಮುಂದಿನ ಸಾಲು ಪೂರ್ತಿ ಇತ್ತು. ನಾಲಿಗೆ ನಿಲ್ಲಲಿಲ್ಲ, ಅದನ್ನೂ ಓದಿದೆ.

"ತಡ ಮಾಡಿದರೆ ಊರಿಲ್ಲ. ಆನೆಬಂಡೆಯಿಂದ ಮೂಡಲು ಇಪ್ಪತ್ತೆರಡು ಮಾರು. ಮಣ್ಣ ತೆಗೆದು ಚಪ್ಪಡಿ ಎಳೆವುದು."

ಫೋನಿನ ಆ ಕಡೆ ಗಿಜಿಗಿಜಿ ನಿಂತುಹೋಯಿತು. ಕೆರೆ ನಿಲ್ಲಲೆಂದು ಸೊಸೆಯನ್ನು ಬಲಿ ಕೊಟ್ಟ ಕಥೆ ಕೇಳದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ತೊಟ್ಟಿಲಲ್ಲಿದ್ದಾಗಿಂದ ಕೇಳಿದ್ದೇವೆ. ಮಣ್ಣು ತೆಗೆಯುವುದು, ಮೇಲೆ ಚಪ್ಪಡಿ ಎಳೆಯುವುದು. ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಎಡಗಡೆಯ ಮೂಲಚಿತ್ರವನ್ನೂ ನೋಡಿದೆ. ಬಳಪದ ಬಿಳಿಯಲ್ಲಿ 'ಕೊಡಿ' ಎಂದೇ ಇತ್ತು, ಸಂಶಯಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿ.

"ಇದಕ್ಕಾ ನಾನು ಬೆಳಗಿನಿಂದ ಕಾದದ್ದು?" ತಹಶೀಲ್ದಾರರ ದನಿ ಗಡುಸಾಯಿತು. "ಸಾಕು ಬಿಡಿ. ನಾವು ಎರಡಕ್ಕೆ ಏರಿ ಕಡೀತೀವಿ." ಫೋನು ಕಟ್ಟಾಯಿತು.

ಅನ್ವರ್ ನನ್ನ ಮುಖ ನೋಡಲಿಲ್ಲ. ಗಂಗಯ್ಯನಿಗೆ ಒಬ್ಬ ಅಣ್ಣನಿದ್ದಾನೆ, ಶಿರಾದಲ್ಲಿ ಸಂಸಾರ. ನೀರುಗಂಟಿ ಮನೆಯ ಕಿರಿಸೊಸೆ ಎಂದರೆ ನಾನು. ಅದು ಅನ್ವರ್‌ಗೂ ಗೊತ್ತಿತ್ತು. ನಿಜ ಹೇಳುತ್ತೇನೆ, ನಾನು ಹೆದರಿದೆ. ಇನ್ನೂರು ವರ್ಷದ ಹಿಂದಿನ ಯಾವನೋ ನೀರುಗಂಟಿ ಕತ್ತಲೆಯ ಮಡಿಕೆಯೊಳಗಿಂದ ನನ್ನನ್ನೇ ಬೆರಳು ಮಾಡಿ ತೋರಿಸಿದ ಹಾಗಾಯಿತು. ವಿಜ್ಞಾನ ಓದಿದವರು, ಲಿಪಿ ಓದಿದವರು ಎಲ್ಲ ಸೇರಿ ತಿಂಗಳುಗಟ್ಟಲೆ ಹೆಣಗಿ ಬಿಡಿಸಿಕೊಂಡದ್ದು ಇದನ್ನೇ?

"ಮುಂದಿನದು ಹಾಕಿ," ಎಂದೆ.

"ಮೇಡಂ, ಸ್ವಲ್ಪ ಕೂತ್ಕೊಳ್ಳಿ."

"ಹಾಕಿ ಅಂದೆ."

ಐದನೆಯದು ಬರುವ ಮೊದಲು ಅತ್ತೆಯ ಫೋನು ಬಂತು. ವಿಡಿಯೋ ಅಲ್ಲ. ಹಿಂದೆ ಜನರ ಗದ್ದಲ. ಏರಿಯ ಮೇಲೆ ಯಾರೋ ನನ್ನ ಓದನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಅರ್ಧ ಗಂಟೆಯಲ್ಲಿ ಅದು ಊರಿನ ಎಲ್ಲ ಫೋನುಗಳಲ್ಲೂ ಇತ್ತು. ಗುಡ್ಡದ ಶಾಲೆಯಿಂದ ಹತ್ತಾರು ಜನ ಇಳಿದು ನಮ್ಮ ಅಂಗಳಕ್ಕೆ ಬಂದಿದ್ದರು.

"ಕಿರಿಸೊಸೆ ಎಲ್ಲವ್ಳೆ ಅಂತ ಕೇಳ್ತಾವ್ರೆ," ಎಂದರು ಅತ್ತೆ. ದನಿ ತಣ್ಣಗಿತ್ತು. ಅವರ ದನಿ ತಣ್ಣಗಿದ್ದದ್ದನ್ನು ನಾನು ಕೇಳಿದ್ದೇ ಅಪರೂಪ. "ತುಮಕೂರಿನಾಗವ್ಳೆ, ಅಲ್ಲೇ ಇರ್ತಾಳೆ ಅಂದೆ. ನೀನು ಇವತ್ತು ಈ ಕಡೆ ಬರಬ್ಯಾಡ. ಗಂಗ ಕರೆದ್ರೂ ಬರಬ್ಯಾಡ."

"ಅವರ ಮಾತು ಕಿವಿಗೆ ಹಾಕ್ಕೋಬೇಡಿ ಅತ್ತೆ. ಪೊಲೀಸರಿಗೆ ಹೇಳ್ತೀನಿ."

"ಪೊಲೀಸ್ನೋರು ನೀರು ನಿಲ್ಲಿಸ್ತಾರಾ?" "ನಮ್ಮ ಅತ್ತೆ ಇದ್ದಾಗ ನಾನೂ ಈ ಮನೇಗೆ ಕಿರಿಸೊಸೆನೇ ಆಗಿದ್ದೋಳು ಕಣವ್ವ. ಸತ್ತೋಗಿರೋ ಬರವಣಿಗೆಗೆ ಯಾವ ಕಿರಿಸೊಸೆ ಅಂತ ಗೊತ್ತಾಗ್ತದಾ? ಹಂಡೇಲಿ ಇನ್ನೂ ಅನ್ನ ಐತೆ. ಗಂಗ ಉಂಡಿಲ್ಲ, ನೆಪ್ಪು ಮಾಡು."

"ಅತ್ತೆ, ಎಲ್ಲಿಗೆ ಹೊರಟ್ರಿ? ಅತ್ತೆ!"

ಫೋನು ಇಟ್ಟಿದ್ದರು. ಮತ್ತೆ ಮಾಡಿದೆ, ಎತ್ತಲಿಲ್ಲ. ಗಂಗಯ್ಯನದು ಸಿಗಲಿಲ್ಲ. ತಹಶೀಲ್ದಾರರದು ಬಿಜಿ. ಅವರ ಕಚೇರಿಯಲ್ಲಿ ಯಾರೋ ಎತ್ತಿ, "ಮೀಟಿಂಗ್‌ನಲ್ಲಿದಾರೆ" ಎಂದರು. ಆ ಮನುಷ್ಯನಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ನಲವತ್ತು ಕಿಲೋಮೀಟರ್ ದೂರದಲ್ಲಿ ಕೈಕಟ್ಟಿ ನಿಂತು, ಒಬ್ಬ ಮುದುಕಿ ಕೆರೆಯ ಮೆಟ್ಟಿಲು ಇಳಿಯುವುದನ್ನು ಕಣ್ಣು ಮುಚ್ಚದೆಯೇ ಕಾಣುತ್ತಿದ್ದೆ.

"ಬಂತು," ಎಂದರು ಅನ್ವರ್. ಐದನೆಯ ಮಡಿಕೆ.

ನೋಡುವ ಮನಸ್ಸಿರಲಿಲ್ಲ. ಅಭ್ಯಾಸಬಲದಿಂದ ಕಣ್ಣು ಅತ್ತ ಹೋಯಿತು. 'ಹಿರಿಸೊಸೆಯ ಕೊಡಿ ಮಳೆಮಳೆಗೂ ಬೀಳುವುದು' ಎಂದಿತ್ತು.

ಎರಡನೆಯ ಸಲ ಓದಿದೆ. ಮಳೆಮಳೆಗೂ ಹಿರಿಸೊಸೆಯನ್ನು ಕೊಡುತ್ತಾ ಹೋದರೆ ಯಾವ ಮನೆಯಲ್ಲಿ ಸೊಸೆಯಂದಿರು ಉಳಿಯುತ್ತಾರೆ? ಕೊಟ್ಟ ಮೇಲೆ ಬೀಳುವುದು ಏನು? ಕೆರೆಯಲ್ಲಿ ಬೀಳುವುದು ಒಂದೇ. ವರ್ಷ ವರ್ಷವೂ ಗಂಗಯ್ಯ ಕುಣಿಯುತ್ತಾ ಬಂದು ಹೇಳುತ್ತಾನಲ್ಲ, ಕೋಡಿ ಬಿತ್ತು ಅಂತ!

"ಅನ್ವರ್, ನಾಲ್ಕನೆಯದರ ಮೂಲ ತೆಗೀರಿ. ಎಡಗಡೆಯದು. ದೊಡ್ಡದು ಮಾಡಿ."

'ಏರಿಯ' ಎಂದು ನಾನು ಓದಿದ ಜಾಗದಲ್ಲಿ ಬಳಪ ಬರೆದದ್ದು 'ಎರಿಯ'. ಮೊದಲ ಮಡಿಕೆಯ ಸ್ತುತಿಯನ್ನು ತೆಗೆಸಿದೆ. 'ದೇವರು' ಅಲ್ಲ, 'ದೆವರು'. ಇಡೀ ಕಡತದಲ್ಲಿ ಎಕಾರ ಒಕಾರಗಳಿಗೆ ದೀರ್ಘವೇ ಇಲ್ಲ. ಹಳೆಯ ಕೈಬರಹದಲ್ಲಿ ಅವುಗಳ ದೀರ್ಘ ಗುರುತಿಸುವ ರೂಢಿಯಿಲ್ಲ, ಸಂದರ್ಭ ನೋಡಿ ಓದಿಕೊಳ್ಳಬೇಕು. ಇದು ನಾನು ಪ್ರತಿ ಜೂನ್‌ನಲ್ಲಿ ಮೊದಲ ವಾರದ ಪಾಠದಲ್ಲಿ ಹೇಳುವ ಮಾತು. ಓದುಗ ಪ್ರೋಗ್ರಾಂಗೆ ಗೊತ್ತಿದ್ದದ್ದು ಅರ್ಥವಿಲ್ಲದ್ದನ್ನು ತಿದ್ದುವುದಷ್ಟೇ. 'ಎರಿ'ಗೆ, 'ದೆವರು'ಗೆ ಅರ್ಥವಿಲ್ಲ, ತಿದ್ದಿತು. 'ಕೊಡಿ'ಗೆ ಅರ್ಥವಿದೆ, ಹಾಗೇ ಬಿಟ್ಟಿತು. ಯಂತ್ರದ ತಪ್ಪು ಅಷ್ಟೇ. ಮಿಕ್ಕ ತಪ್ಪೆಲ್ಲ ನನ್ನದು. ಕೇಳಿ ಬೆಳೆದ ಕಥೆ ಕಿವಿಯಲ್ಲಿ ಕೂತಿತ್ತು, ಕಣ್ಣು ಅದನ್ನೇ ಓದಿತು.

ಕಿರಿಸೊಸೆಯ ಕೋಡಿ. ಕೆರೆಗೆ ಎರಡು ಕೋಡಿ: ದೊಡ್ಡದು ಹಿರಿಸೊಸೆ, ಮಳೆಮಳೆಗೂ ಬೀಳುವಂಥದು. ಚಿಕ್ಕದು ಕಿರಿಸೊಸೆ, ಚಪ್ಪಡಿ ಹಾಕಿ ಮಣ್ಣು ಮುಚ್ಚಿ ಆಪತ್ತಿಗೆಂದು ಇಟ್ಟದ್ದು. ತೂತಾದ ಮೂರು ಅಕ್ಷರ 'ಬಿಡಿಸಿ' ಎಂದೋ 'ತೆರೆಸಿ' ಎಂದೋ ಇದ್ದಿರಬೇಕು. ಹನ್ನೊಂದು ಗಂಟೆಗೇ ದಿಕ್ಕು, ಅಳತೆ ಸಮೇತ ಊರಿಗೆಲ್ಲ ಕೇಳುವಂತೆ ಓದಿ ಹೇಳಿದ್ದೆ. ಒಬ್ಬರಿಗಾದರೂ ಅರ್ಥವಾಗಲಿಲ್ಲ, ಓದಿದವಳಿಗೂ ಸೇರಿ.

ಎಷ್ಟೋ ಸಲ ಫೋನು ಮಾಡಿದ ಮೇಲೆ ಹನ್ನೆರಡೂ ಮುಕ್ಕಾಲಿಗೆ ನಾಗವೇಣಿ ಸಿಕ್ಕರು. ಒಂದೇ ಉಸಿರಿಗೆ ಹೇಳಿದೆ: ಆನೆಬಂಡೆಯಿಂದ ಪೂರ್ವಕ್ಕೆ ಇಪ್ಪತ್ತೆರಡು ಮಾರು ಅಳೆದು ಅಗೆಯಿರಿ, ಅದು ಕೋಡಿ. ಅದಕ್ಕೂ ಮೊದಲು ನನ್ನ ಅತ್ತೆಯನ್ನು ಹುಡುಕಿ, ಅವರು ನೀರಿನ ಕಡೆ ಹೋಗಿದ್ದಾರೆ.

"ಬೆಳಿಗ್ಗೆ ಕೊಡಿ ಅಂದ್ರಿ, ಈಗ ಕೋಡಿ ಅಂತೀರಿ." ಅವರ ದನಿಯಲ್ಲಿ ನಂಬಿಕೆಯಿರಲಿಲ್ಲ. "ಇರೋದು ಎರಡೇ ಜೆಸಿಬಿ. ಆ ಕಡೆ ಕಳಿಸಿ ಅಲ್ಲಿ ಏನೂ ಸಿಗದಿದ್ದರೆ ಈ ಕಡೆ ಕಡಿಯೋಕೂ ಟೈಮಿರಲ್ಲ. ಗ್ಯಾರಂಟಿ ಕೊಡ್ತೀರಾ?"

"ಬೆಳಿಗ್ಗೆ ನಾನು ತಪ್ಪು ಓದಿದೆ ಮೇಡಂ. ಇದು ಸರಿ. ಬೇಕಾದರೆ ಬರೆದುಕೊಡ್ತೀನಿ. ನನ್ನ ಗಂಡ ಅದೇ ಏರಿ ಮೇಲೆ ನಿಂತಿದಾನೆ."

ಮಳೆಯ ಸದ್ದಿನ ನಡುವೆ ಅವರು ಯಾರನ್ನೋ ಕೂಗಿ ಜೆಸಿಬಿ ತಿರುಗಿಸಲು ಹೇಳಿದರು.

ಅನ್ವರ್ ಕಾರು ಓಡಿಸಿದರು, ರಸ್ತೆ ಅಲ್ಲಲ್ಲಿ ಮುಳುಗಿ ತೆವಳುತ್ತಾ ಹೋಗಬೇಕಾಯಿತು. ಅರ್ಧ ದಾರಿಗೆ ಗಂಗಯ್ಯನ ಫೋನು ಬಂತು. ಎರಡು ಕೈ ಚಾಚಿ ಚಾಚಿ ಇಪ್ಪತ್ತೆರಡು ಮಾರು ಅಳೆದವನು ಅವನೇ. ಮೊದಲು ಅಗೆದ ಜಾಗದಲ್ಲಿ ಏನೂ ಸಿಗಲಿಲ್ಲವಂತೆ. ಎಂಜಿನಿಯರ್ ಗಡಿಯಾರ ನೋಡುತ್ತಿದ್ದರಂತೆ. ಕಡತ ಬರೆದ ಅಜ್ಜ ನನಗಿಂತ ಉದ್ದ ಇದ್ದಿರಬೇಕು ಎಂದು ಗಂಗಯ್ಯ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ತೋರಿಸಿದ. ಎದೆಯುದ್ದ ಮಣ್ಣಿನ ಕೆಳಗೆ ಚಪ್ಪಡಿ ಠಣ್ ಎಂದಿತು.

"ಹೋಗ್ತೈತೆ ಕೆಂಪಿ! ಬಂಡೆ ಮ್ಯಾಲೆ ಹೋಗ್ತೈತೆ! ಕೇಳು!" ಎಂದು ಫೋನನ್ನು ನೀರಿನ ಕಡೆ ಹಿಡಿದ. ಬರೀ ಬೋರ್ಗರೆತ. ನಾನು ಅತ್ತೆ ಎಲ್ಲಿ ಎಂದು ಕಿರುಚುತ್ತಿದ್ದೆ. ಅವನಿಗೆ ಕೇಳಿಸಲಿಲ್ಲ.

ನಾವು ಮುಟ್ಟಿದಾಗ ಮೂರೂವರೆ. ನೀರು ಏರಿಯಿಂದ ಒಂದು ಗೇಣು ಇಳಿದಿತ್ತು. ಜನ ಹೊಸ ಕೋಡಿಯ ಕಡೆ ನೆರೆದು ಕೂಗುತ್ತಿದ್ದರು. ನನ್ನನ್ನು ಕಂಡು ಕೆಲವರು ಮುಖ ತಿರುಗಿಸಿದರು. ಮೆಟ್ಟಿಲುಗಳ ಮೇಲೆ ಅತ್ತೆ ಕೂತಿದ್ದರು. ಮೈಯೆಲ್ಲ ಒದ್ದೆ. ಪಕ್ಕದಲ್ಲಿ ನಾಗವೇಣಿ, ಅವರೂ ಒದ್ದೆ. ಎದೆಮಟ್ಟದ ನೀರಿನಲ್ಲಿ ಅರಿಶಿನ ಕುಂಕುಮ ಹಿಡಿದು ನಿಂತಿದ್ದ ಅತ್ತೆಯನ್ನು ತಹಶೀಲ್ದಾರರೇ ಸೆರಗು ಕಟ್ಟಿ ಇಳಿದು ಎಳೆದು ತಂದಿದ್ದರು. ನನ್ನನ್ನು ನೋಡಿ ಅವರು ಎದ್ದು ಹೋದರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

"ಏನತ್ತೆ ಇದು? ಕಂಡೋರೆಲ್ಲ ಅಂಗಳಕ್ಕೆ ಬಂದು ಕೂಗಿದ್ರೆ ನಂಬಿಬಿಡೋದಾ?"

"ಅವರನ್ನ ಯಾರು ನಂಬ್ತಾರೆ?" ಎಂದರು ಅತ್ತೆ. ಹಲ್ಲು ಕಟಕಟ ಎನ್ನುತ್ತಿತ್ತು. "ಆ ನಿಮ್ಮ ಮಿಷನ್ನು ಹೇಳಿದ್ರೂ ನಂಬ್ತಿರ್ಲಿಲ್ಲ. ಫೋನ್ನಾಗೆ ಕೇಳ್ದೆ. ನಿನ್ನ ದನಿ ನಂಗೆ ಗೊತ್ತಾಗಕಿಲ್ವಾ? ಕೆಂಪಲಕ್ಷ್ಮಿ ಓದವ್ಳೆ ಅಂದ್ಮೇಲೆ ಸರಿಯಾಗೇ ಓದಿರ್ತಾಳೆ ಅಂದ್ಕಂಡೆ."

ಮದುವೆಯಾದ ಆರು ವರ್ಷದಲ್ಲಿ ಅವರು ನನ್ನ ಓದನ್ನು ನಂಬಿದ್ದು ಅದೊಂದೇ ಸಲ.